ಬಾಯಿ 17 ಮಿ.ಮೀ.

ಎಡಿಸನ್, ನ್ಯೂಜೆರ್ಸಿ
ಜುಲೈ 7, 2024, ಭಾನುವಾರ

ನಿನ್ನೆ ಓಷನ್ ಸಿಟಿಗೆ ಹೋಗಿದ್ದೆವು. ಕಡಲ ದಂಡೆಯುದ್ದಕ್ಕೂ ಹಲಗೆ ಹಾಸಿದ ದಾರಿ, ಮಗ್ಗುಲಲ್ಲಿ ಅಂಗಡಿಸಾಲು. ಒಂದು ಕಡೆ ತಂತಿಪಂಜರದಲ್ಲಿ, ಬಸವನಹುಳುವಿನ ಖಾಲಿ ಚಿಪ್ಪು ಹೊಕ್ಕು ಬದುಕುವ ಸನ್ಯಾಸಿ ಏಡಿಗಳ ರಾಶಿ. ಮೊಮ್ಮಗಳು ಪುಟ್ಟಿ ಹಟ ಹಿಡಿದಳು, ಎರಡು ಮನೆಗೆ ಬಂದವು. ಒಂದರ ಚಿಪ್ಪಿನ ಮೇಲೆ ಫುಟ್‌ಬಾಲ್ ಹೆಲ್ಮೆಟ್ಟಿನ ಚಿತ್ರ, ಇನ್ನೊಂದರ ಮೇಲೆ ನಗುವ ಮುಖ. ಆ ಊರಲ್ಲಿ ಇವಕ್ಕೆ ಸೌಂದರ್ಯ ಸ್ಪರ್ಧೆಯೂ ಉಂಟಂತೆ. ನಮ್ಮೂರು ಕುಮಟೆಯಲ್ಲಿ ಹೇಳಿದರೆ ಯಾರೂ ನಂಬಲಿಕ್ಕಿಲ್ಲ.

ಕೆರಿಬಿಯನ್ ಕಡೆಯ ಜಾತಿ. ಎಡ ಇಕ್ಕಳ ದೊಡ್ಡದು, ನೇರಳೆ ಬಣ್ಣ. ಮರಿಹುಳು ಸಮುದ್ರದಲ್ಲೇ ಬೆಳೆಯಬೇಕಾದ್ದರಿಂದ ಮನೆಯಲ್ಲಿ ಮರಿ ಮಾಡಿಸುವುದು ಬಹಳ ಕಷ್ಟ. ಹಾಗಾಗಿ ಮಾರಾಟಕ್ಕೆ ಬರುವವು ಹೆಚ್ಚುಕಡಿಮೆ ಎಲ್ಲ ದಂಡೆಯಿಂದ ಹಿಡಿದು ತಂದವೇ.

ಜುಲೈ 9

ಬಣ್ಣದ ಚಿಪ್ಪು ಬಿಡಿಸಬೇಕು. ತೇವಕ್ಕೆ ಬಣ್ಣ ಏಳುತ್ತದೆ, ಎದ್ದದ್ದನ್ನು ಏಡಿ ತಿನ್ನುತ್ತದೆ. ಆದರೆ ಎಳೆದು ಬಿಡಿಸುವ ಹಾಗಿಲ್ಲ. ಮೆತ್ತನೆಯ ಹೊಟ್ಟೆಯ ತುದಿಯಿಂದ ಒಳಗಿನ ಸುರುಳಿಕಂಬವನ್ನು ಹಿಡಿದುಕೊಂಡಿರುತ್ತದೆ. ಎಳೆದರೆ ತುಂಡಾದೀತೇ ಹೊರತು ಬಿಡಲಿಕ್ಕಿಲ್ಲ. ಒಳ್ಳೆಯ ಚಿಪ್ಪು ಮುಂದಿಟ್ಟು ಸುಮ್ಮನಿರುವುದೊಂದೇ ದಾರಿ.

ಈ ಜಾತಿಗೆ ದುಂಡು ಬಾಯಿಯ ಟರ್ಬೋ ಚಿಪ್ಪು ಇಷ್ಟ. ಮುಖ್ಯ ಅಳತೆ ಬಾಯಿಯದು: ಒಳಸರಿದಾಗ ದೊಡ್ಡ ಇಕ್ಕಳ ಬಾಯಿಗೆ ಸರಿಯಾಗಿ ಮುಚ್ಚಿಕೊಳ್ಳಬೇಕು. ಅಳಿಯಂದಿರ ಗ್ಯಾರೇಜಿನಲ್ಲಿ ಡಿಜಿಟಲ್ ಕ್ಯಾಲಿಪರ್ ಸಿಕ್ಕಿತು. ಶೂನ್ಯದೋಷ ನೋಡಿಕೊಂಡೇ ಅಳೆದೆ. ಫಿಸಿಕ್ಸ್ ಲ್ಯಾಬಿನ ಅಭ್ಯಾಸ ನಿವೃತ್ತಿಯಾದರೂ ಹೋಗದು. ಹೆಲ್ಮೆಟ್ಟಿನದು 14 ಮಿ.ಮೀ., ನಗುಮುಖದ್ದು 16. ಈಗಿನ ಅಳತೆಯವು ಕೆಲವು, ಒಂದೆರಡು ಮಿ.ಮೀ. ದೊಡ್ಡವು ಕೆಲವು ತರಿಸಲು ಹೇಳಿದೆ. ಒಂದು ಏಡಿಗೆ ಮೂರರಿಂದ ಐದು ಚಿಪ್ಪು ಇರಬೇಕೆನ್ನುತ್ತಾರೆ. ಕಡಿಮೆಯಾದರೆ ಒಂದನ್ನೊಂದು ಹೊರಗೆಳೆಯುತ್ತವೆ.

ಜುಲೈ 16

ಚಿಪ್ಪು ಬಂದವು. ಬಂದ ಹಾಗೇ ತೊಟ್ಟಿಗೆ ಹಾಕುವಂತಿಲ್ಲ. ಮೊದಲು ಮೂಸಿದೆ; ಬಸವನಹುಳುವಿನ ಮಾಂಸ ಸುರುಳಿಯ ತುದಿಯಲ್ಲಿ ಒಣಗಿ ಕೂತಿದ್ದರೆ ಮೂಗಿಗೆ ಗೊತ್ತಾಗುತ್ತದೆ. ಕತ್ತಲಲ್ಲಿ ಬಾಯಿಗೆ ಟಾರ್ಚ್ ಹಿಡಿದು ಹೊರಗೆಲ್ಲಾದರೂ ಬೆಳಕಿನ ಚುಕ್ಕೆ ಕಾಣುತ್ತದೋ ನೋಡಿದೆ. ಒಂದರಲ್ಲಿ ಕಂಡಿತು, ಬೈರಿಗೆಯಿಂದ ಕೊರೆದಷ್ಟು ದುಂಡಗಿನ ತೂತು. ಬೇಟೆಯಾಡುವ ಇನ್ನೊಂದು ಹುಳು ಮಾಡಿದ ಕೆಲಸ. ಅದನ್ನು ಬದಿಗಿಟ್ಟೆ. ತೂತಿದ್ದರೆ ಏಡಿ ಒಳಗೆ ಕಾದಿಟ್ಟುಕೊಳ್ಳುವ ನೀರು ಸೋರಿಹೋಗುತ್ತದೆ.

ಆಮೇಲೆ ಕುದಿಸುವುದು. ನಲ್ಲಿನೀರಿಗೆ ಮೀನಿನ ತೊಟ್ಟಿಯವರು ಬಳಸುವ, ಕ್ಲೋರಿನ್ ತೆಗೆಯುವ ದ್ರವ ಬಿಟ್ಟು, ಅಕ್ವೇರಿಯಮ್ಮಿನ ಸಮುದ್ರದ ಉಪ್ಪು ಕರಗಿಸಿದೆ. ಅಡುಗೆಯ ಅಯೋಡಿನ್ ಉಪ್ಪು ಆಗದು. ಹತ್ತು ನಿಮಿಷ ಕುದಿಸಿ, ಅದೇ ನೀರಲ್ಲಿ ಆರಲು ಬಿಟ್ಟೆ. ಬಿಸಿಯಲ್ಲೇ ತೆಗೆದರೆ ಸುರುಳಿಯೊಳಗಿನ ಕುದಿನೀರು ಮುಂಗೈ ಮೇಲೆ ಬೀಳುತ್ತದೆ. ಬಾಯಿ ಕೆಳಗೆ ಮಾಡಿ ಬಟ್ಟೆಯ ಮೇಲೆ ಒಣಹಾಕಿದೆ.

“ಅಪ್ಪಾ, ಏಡಿಗೆ ಗಂಜಿ ಬೇಯಿಸ್ತಿದ್ದೀಯಾ?” ಎಂದಳು ಮಗಳು. ಬಳಸದ ಹಳೇ ಪಾತ್ರೆ ಕೊಟ್ಟವಳೂ ಅವಳೇ.

ವಿನಿಗರ್ ಹಾಕಿದರೆ ಫಳಫಳ ಹೊಳೆಯುತ್ತದೆಂದು ಅಳಿಯಂದಿರ ಸಲಹೆ. ಬೇಡವೆಂದೆ. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದಲ್ಲೆಲ್ಲ ನೊರೆ ಬಂದು ಸವೆಯುತ್ತದೆ. ನಮ್ಮೂರ ಕಡೆ ಇದನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು. ಸೋಪು, ಬ್ಲೀಚೂ ಬೇಡ. ಹೊಳಪು ಬೇಕಾದದ್ದು ನಮಗೆ, ಏಡಿಗಲ್ಲ.

ಜುಲೈ 22

ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದಾಗ ನಗುಮುಖದ್ದು 17 ಮಿ.ಮೀ. ಚಿಪ್ಪಿನ ಎದುರು ಕೂತಿತ್ತು. ಇಕ್ಕಳ ಒಳಗೆ ತೂರಿಸಿ ತಡಕಿತು, ಹೊರಳಿಸಿತು, ಮೀಸೆಯಿಂದ ಅಂಚು ಸವರಿತು, ಹಿಂದೆ ಸರಿಯಿತು, ಮತ್ತೆ ತಡಕಿತು. ಇಷ್ಟು ಪರೀಕ್ಷೆಯಾದ ಮೇಲೆ ಬದಲಾವಣೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಆ ಗುಲಾಬಿ ಬಣ್ಣದ ಬೆತ್ತಲೆ ಹೊಟ್ಟೆ ಕಂಡದ್ದೂ ಸುಳ್ಳೇನೋ ಅನ್ನುವಷ್ಟು ಬೇಗ.

ನಗುವ ಮುಖವನ್ನು ಆಗಲೇ ತೊಟ್ಟಿಯಿಂದ ತೆಗೆದೆ. ಹಳೆಯದಕ್ಕೆ ವಾಪಸಾಗುವ ಚಟ ಇವಕ್ಕುಂಟು.

ಜುಲೈ 30

ನಗುಮುಖದ್ದು ಮರಳೊಳಗೆ ಇಳಿದಿದೆ. ಪೊರೆ ಕಳಚಲಿಕ್ಕೆ ಇರಬೇಕು. ಅಗೆಯಬಾರದೆಂದು ಪುಟ್ಟಿಗೆ ತಾಕೀತು.

ಆಗಸ್ಟ್ 11

ಬರ್ಮುಡಾದ ವಿಷಯ ಓದಿದೆ. ಪಳೆಯುಳಿಕೆ ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಬರೆದದ್ದು. ನಮ್ಮ ಏಡಿಯ ಜಾತಿಯೇ ಅಲ್ಲೂ ಇರುವುದು. ದೊಡ್ಡ ಏಡಿಗಳಿಗೆ ಬೇಕಾದ ಚಿಪ್ಪು ಸಿಟೇರಿಯಂ ಪೈಕಾ ಎಂಬ ಬಸವನಹುಳುವಿನದು. ಆ ಹುಳುವನ್ನು ಜನ ತಿಂದು ತಿಂದು ದ್ವೀಪದಲ್ಲಿ ಇಲ್ಲವಾಗಿಸಿದರು. ಏಡಿಗಳು ಮತ್ತೇನು ಮಾಡಿದವೆಂದರೆ, ಗುಡ್ಡದಿಂದ ಸವೆದು ಉದುರುವ ಪಳೆಯುಳಿಕೆ ಚಿಪ್ಪು ಹೊಕ್ಕವು. ಸುಮಾರು 1,20,000 ವರ್ಷ ಹಳೆಯವು! 1982ರಲ್ಲಿ ಹುಳುವನ್ನು ಬೇರೆಡೆಯಿಂದ ತಂದು ಮತ್ತೆ ಬಿಟ್ಟರಂತೆ. ಇನ್ನೊಂದು ಕಡೆ, ಬೆಲೀಜಿನ ದಂಡೆಯಲ್ಲಿ, ದೊಡ್ಡ ಚಿಪ್ಪೊಂದು ಖಾಲಿ ಬಿದ್ದರೆ ಏಡಿಗಳು ಗಾತ್ರದ ಪ್ರಕಾರ ಸಾಲು ನಿಲ್ಲುವುದನ್ನು ನೋಡಿದ್ದಾರೆ. ಹಿರಿಯದು ಅದನ್ನು ಹೊಕ್ಕಿತೆಂದರೆ ಅದು ಬಿಟ್ಟದ್ದಕ್ಕೆ ಮುಂದಿನದು, ಅದರದಕ್ಕೆ ಇನ್ನೊಂದು. ಜೂನ್ ತಿಂಗಳ ನಮ್ಮ ವರ್ಗಾವಣೆಯ ಪಟ್ಟಿಯಂತೆಯೇ, ಶಿಫಾರಸು ಪತ್ರ ಒಂದಿಲ್ಲ.

ಸೆಪ್ಟೆಂಬರ್ 15

ನಗುಮುಖದ್ದು ಮೇಲೆ ಬಂತು. ಕಳಚಿದ ಪೊರೆಯನ್ನು ಅಲ್ಲೇ ತಿಂದು ಮುಗಿಸಿರಬೇಕು. ಮೈ ಬೆಳೆದು 17 ಬಿಗಿಯಾಗಿದೆ. 19ರದ್ದು ಎರಡು ಹತ್ತಿರ ಇಟ್ಟೆ.

ತೊಟ್ಟಿಯೊಳಗೆ ಶೇಕಡಾ 80ರ ತೇವ ಬೇಕೇ ಬೇಕು, ಆದರೆ ಅದೇ ತೇವಕ್ಕೆ ಖಾಲಿ ಚಿಪ್ಪುಗಳಲ್ಲಿ ಬೂಷ್ಟು. ಎಲ್ಲ ತೆಗೆದು ಮರಳು ತೊಳೆದು ಮತ್ತೆ ಕುದಿಸಿದೆ. ತೆಗೆಯುವ ಮೊದಲು ಪ್ರತಿಯೊಂದರ ಬಾಯಿ ನೋಡಲೇಬೇಕು. ಬದುಕಿರುವ ಬಾಡಿಗೆದಾರ ಒಳಗಿದ್ದರೆ ಕಥೆಯೇ ಬೇರೆ. ಅಂಚು ಮುಕ್ಕಾದ ಒಂದನ್ನು ಕಸಕ್ಕೆ ಹಾಕಿದೆ, ಮೆತ್ತನೆ ಹೊಟ್ಟೆ ಗೀರಿಕೊಂಡೀತು.

ಅಕ್ಟೋಬರ್ 6, ಭಾನುವಾರ

ಹೆಲ್ಮೆಟ್ಟಿನದು ಹೆಲ್ಮೆಟ್ಟು ಬಿಟ್ಟಿಲ್ಲ. ದುಂಡು ಬಾಯಿಯವು ನಾಲ್ಕು ಮುಂದಿವೆ, ತಡಕುತ್ತದೆ, ಹೋಗುತ್ತದೆ. ಕಪ್ಪಗಿನ, ದಪ್ಪ ಗೋಡೆಯದೊಂದನ್ನು ಪುಟ್ಟಿ ತರಿಸಬೇಕೆನ್ನುತ್ತಾಳೆ. ಕಪ್ಪು ಯಾಕೆಂದರೆ ಅವಳಿಗೆ ಕಪ್ಪು ಇಷ್ಟ. ತರಿಸಲಿ, ಆದರೆ ಬಾಯಿ 15 ಇರಬೇಕೆಂದಿದ್ದೇನೆ. ನಾನು ಮುಂದಿನ ವಾರ ಹೊರಡುವವ. ಅಳತೆ ಬರೆಯಲು ಅವಳೇ ಒಂದು ನೋಟ್‌ಬುಕ್ ಮಾಡಿಕೊಂಡು, ಮಿ.ಮೀ. ಪಕ್ಕದಲ್ಲಿ ಇಂಚನ್ನೂ ಬರೆದಿದ್ದಾಳೆ; ಇಂಚಿನ ಕಾಲಂ ಬೇಡವೆಂದರೆ ಕೇಳುತ್ತಿಲ್ಲ.