ಬಚ್ಚಲಿನ ವಾಟ

ಕರೆದ ಕೂಡಲೇ ಗೌಂಡಿ ಬರುತ್ತಿದ್ದ ಕಾಲ ಸಾಣಾಪುರದಲ್ಲಿ ಮುಗಿಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚಿನಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ನೆಲಕ್ಕುರುಳಿದವು. ಆಮೇಲೆ ಹಂಪಿಯಿಂದ ಹೊಳೆಯ ಈ ದಂಡೆಗೆ ಬರುವ ಪ್ರವಾಸಿಗರು ನಮ್ಮೂರು, ಹನುಮನಹಳ್ಳಿ, ಆನೆಗುಂದಿ ಕಡೆ ಹೊರಳಿದರು. ಗದ್ದೆಯ ಅಂಚಿಗೊಂದು, ಬಂಡೆಯ ಬುಡಕ್ಕೊಂದು ಹೋಂಸ್ಟೇ ಎದ್ದವು. ಬಂದವರು ಮಂಚ ನೋಡುವ ಮೊದಲು ಬಚ್ಚಲು ನೋಡುತ್ತಾರೆ. ಹಾಗಾಗಿ ತಾಪಿ ಹಿಡಿಯಲು ಬಲ್ಲ ಪ್ರತಿಯೊಬ್ಬನೂ ಯಾರದೋ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾನೆ. ನಮ್ಮ ಮನೆಯ ನಾಲ್ಕಡಿಗೆ ಆರಡಿ ಬಚ್ಚಲಿಗೆ ಯಾರು ಬರಬೇಕು?

"ಇಷ್ಟ್ ಸಣ್ಣ ಕೆಲಸಕ್ಕ ಗೌಂಡಿ ಯಾಕ ತಮ್ಮಾ? ಬ್ಯಾಸಗಿ ಸೂಟಿ ಐತಲ್ಲ ನಿನಗ, ನೀನ ಹಾಕು" ಎಂದರು ನಮ್ಮ ಓಣಿಯ ಗೌಂಡಿ ಕಾಕಾ. ಅವರು ಅಂದದ್ದು ಚ್ಯಾಷ್ಟಿಗೆ. ನಾನು ವಿಜ್ಞಾನದ ಮಾಸ್ತರ. ಪುಸ್ತಕದಲ್ಲಿ ಓದಿದ್ದನ್ನೆಲ್ಲ ಕೈಯಲ್ಲಿ ಮಾಡಬಲ್ಲೆ ಎಂದು ನಂಬಿಕೊಂಡ ಜಾತಿ. ಗಂಭೀರವಾಗಿಯೇ ತಗೊಂಡೆ.

ಮನೆಯ ಯಜಮಾನ ತಾನೇ ಮಾಲು ಕಲಸತೊಡಗಿದರೆ ಓಣಿ ಸುಮ್ಮನಿರುವುದಿಲ್ಲ. "ಮಾಸ್ತರಗ ಪಗಾರ ಆಗಿಲ್ಲಂತ ಕಾಣತೈತಿ" ಎಂಬ ಮಾತು ಸಂಜೆಯೊಳಗೆ ಚಹಾದಂಗಡಿ ಮುಟ್ಟಿ ನಮ್ಮ ಮನೆಗೇ ತಿರುಗಿ ಬಂತು. ನನಗೆ ಇದು ಸೋಜಿಗ. ನಮ್ಮ ಅಜ್ಜಂದಿರ ಮಾಳಿಗೆ ಮನೆಗಳಿಗೆ ಮಳೆಗಾಲಕ್ಕೆ ಮುಂಚೆ ಮಣ್ಣು ಹೊತ್ತು ಹಾಕಿ ತುಳಿಯುತ್ತಿದ್ದವರು ಮನೆಮಂದಿಯೇ. ಗೋಡೆಗೆ ಮಣ್ಣು ಮೆತ್ತಿ, ನೆಲ ಸಾರಿಸಿ, ಸುಣ್ಣ ಬಳಿಯುತ್ತಿದ್ದವರು ಮನೆಯ ಹೆಂಗಸರು. ಆಗ ಯಾರ ಪಗಾರದ ಮಾತೂ ಬರಲಿಲ್ಲ. ಸಿಮೆಂಟಿನ ಚೀಲ ಊರೊಳಗೆ ಬಂದ ಮೇಲೆ ನಾವು ನಮ್ಮದೇ ಗೋಡೆಯಿಂದ ಕೈ ಹಿಂದಕ್ಕೆ ತಗೊಂಡೆವು. ಬಿಟ್ಟ ಆ ಕೆಲಸ ಈಗ ಮೊಬೈಲಿನಲ್ಲಿ ಹವ್ಯಾಸದ ವೇಷ ಹಾಕಿಕೊಂಡು ತಿರುಗಿ ಬಂದಿದೆ. ಯಾವುದೋ ದೇಶದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕಲೆಯೂ ಹತ್ತದಂತೆ, ಹತ್ತು ನಿಮಿಷದಲ್ಲಿ ಬಚ್ಚಲು ಮುಗಿಸಿ ನಗುತ್ತಾನೆ. ಅವನ ಗೋಡೆ ಕಾರ್ಖಾನೆಯಲ್ಲಿ ಎರಕ ಹೊಯ್ದ ಹಲಗೆ. ನಮ್ಮದು ಕಲ್ಲಿನ ಗೋಡೆ. ಗುಂಡು ಇಳಿಬಿಟ್ಟು ನೋಡಿದರೆ ನಡುವೆ ಮುಕ್ಕಾಲು ಇಂಚು ಹೊಟ್ಟೆ ಬಿಟ್ಟುಕೊಂಡದ್ದು.

ಹಳೆಯ ಬಚ್ಚಲು ಶಹಾಬಾದಿ ಫರಸಿಯದು. ಹಂಡೆ, ಒಲೆ, ಗೋಡೆಯ ಬುಡಕ್ಕೊಂದು ತೂತು. ಮಿಂದ ನೀರು ಆ ತೂತಿನಿಂದ ಹಿತ್ತಲ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಫರಸಿ ಮೇಲೆ ಸವೆದು, ಸಂದಿಯ ಗಚ್ಚು ಕಿತ್ತು, ಗೋಡೆಗೆ ಥಂಡಿ ಏರಿತ್ತು. ಅದನ್ನು ಕೀಳುವುದಕ್ಕೆ ಅವ್ವ ಒಪ್ಪಿದ್ದು ಒಲ್ಲದ ಮನಸ್ಸಿನಿಂದ. ಆ ಕಲ್ಲಿನ ತರಿ ಮೈಗೆ ಹಿಮ್ಮಡಿ ತಿಕ್ಕಿ ತಿಕ್ಕಿಯೇ ಅವಳು ಇಷ್ಟು ವರ್ಷ ಗದ್ದೆ ಕೆಸರಿನ ಸೀಳು ಮಾಯಿಸಿಕೊಂಡವಳು. "ನಿನ್ನ ಗಾಜಿನಂಥಾ ಟೈಲ್ಸಿಗೆ ಹಿಮ್ಮಡಿ ತಿಕ್ಕಿದ್ರ ಟೈಲ್ಸ ಸ್ವಚ್ಛ ಆದೀತು, ಹಿಮ್ಮಡಿ ಆಗಂಗಿಲ್ಲ" ಎಂದಳು. ಈ ಮಾತಿಗೆ ಟೈಲ್ಸಿನ ಅಂಗಡಿಯವರ ಬಳಿಯೂ ಉತ್ತರವಿರಲಿಲ್ಲ.

ಅಂಗಡಿ ಗಂಗಾವತಿಯದು, ಟೈಲ್ಸು ಗುಜರಾತಿನ ಮೋರ್ಬಿಯದು. ನಮ್ಮ ಸುತ್ತ ದಿಕ್ಕು ದಿಕ್ಕಿಗೂ ಬೆಣಚುಕಲ್ಲಿನ ಬೆಟ್ಟ, ಕುಷ್ಟಗಿ ಕಡೆ ಹೋದರೆ ದೇಶಾವರಿಗೆ ಹೋಗುವ ಗ್ರಾನೈಟು. ಆದರೂ ನಾವು ಮೀಯುವ ಜಾಗಕ್ಕೆ ಮಾತ್ರ ಸುಟ್ಟ ಮಣ್ಣಿನ ಬಿಲ್ಲೆ ಸಾವಿರ ಕಿಲೋಮೀಟರ್ ಲಾರಿಯಲ್ಲಿ ಬರಬೇಕು. ಅಂಗಡಿಯಲ್ಲಿ ನನಗೆ ತಿಳಿದ ಒಳ್ಳೆಯ ಸಂಗತಿ ಬಾಯಾರಿಕೆಯದು. ಗೋಡೆಗೆ ಹಾಕುವ ಸೆರಾಮಿಕ್ ಟೈಲ್ಸು ತನ್ನ ತೂಕದ ನೂರಕ್ಕೆ 10ಕ್ಕಿಂತ ಹೆಚ್ಚು ಪಾಲು ನೀರು ಕುಡಿಯುತ್ತದೆ. ವಿಟ್ರಿಫೈಡ್ ಎಂಬುದು ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ಕುಡಿಯಬಾರದು ಎಂದು ಲೆಕ್ಕ. ಅದಕ್ಕೇ ಬರಿಯ ಸಿಮೆಂಟಿನ ಹಾಲು ವಿಟ್ರಿಫೈಡಿನ ಬೆನ್ನಿಗೆ ಕಚ್ಚುವುದಿಲ್ಲ, ಚೀಲದಲ್ಲಿ ಬರುವ ಗಮ್ಮೇ ಬೇಕು. ಸೆರಾಮಿಕ್ಕಿನ ತೊಂದರೆ ಇದರ ತಿರುಗುಮುರುಗು. ಒಣಗಿದ್ದನ್ನೇ ಹಚ್ಚಿದರೆ ಸಿಮೆಂಟಿನ ನೀರನ್ನೆಲ್ಲ ತಾನೇ ಹೀರಿ, ಸಿಮೆಂಟು ಗಟ್ಟಿಯಾಗುವ ಮೊದಲೇ ಅದನ್ನು ಬೂದಿ ಮಾಡುತ್ತದೆ. ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬಕೀಟಿನಲ್ಲಿ ಒಂದೊಂದೇ ಬಿಲ್ಲೆ ಇಳಿಸಿದಾಗ ಅದರ ಬೆನ್ನಿನಿಂದ ಸಣ್ಣ ಗುಳ್ಳೆಗಳ ಸಾಲು ಚುಯ್ಯೆಂದು ಏಳುತ್ತದೆ. ಗುಳ್ಳೆ ನಿಂತಿತೆಂದರೆ ಹೊಟ್ಟೆ ತುಂಬಿತು. ಇನ್ನೊಂದು ಮಾತು: ಎಲ್ಲ ಡಬ್ಬಿಗಳ ಮೇಲಿನ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಿಯೇ ದುಡ್ಡು ಕೊಡಬೇಕು. ಅಂಗಡಿಯ ದೀಪದಲ್ಲಿ ಒಂದೇ ಆಗಿ ಕಂಡ ಬಣ್ಣ ಬಚ್ಚಲಿನ ಕಿಟಕಿ ಬೆಳಕಿಗೆ ಎರಡಾಗುತ್ತದೆ.

ಫರಸಿ ಕಿತ್ತು ಹಾಕಿದ ದಿನ ಕಾಕಾ ಕೆಲಸಕ್ಕೆ ಹೋಗುವ ದಾರಿಯಲ್ಲಿ ಇಣುಕಿದರು. ಟೈಲ್ಸಿನ ಡಬ್ಬಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ವಾಟ ಯಾ ಕಡಿ ಕೊಡತೀ?" ಎಂದರು.

ಆ ಪ್ರಶ್ನೆಯ ಮುಂದೆ ನನಗೆ ನಮ್ಮೂರೇ ಬೇರೆಯಾಗಿ ಕಾಣತೊಡಗಿತು. ತುಂಗಭದ್ರಾ ಆಣೆಕಟ್ಟು 1953ರಲ್ಲಿ ಮುಗಿದು, ಅದರ ಎಡದಂಡೆ ಕಾಲುವೆ ನಮ್ಮ ಮಗ್ಗುಲಲ್ಲೇ ಹಾದು, ಸಿಂಧನೂರು, ಮಾನ್ವಿ ಕಡೆಗೆ 200 ಕಿಲೋಮೀಟರಿಗೂ ಮಿಕ್ಕಿ ಹೋಗುತ್ತದೆ. ಪ್ರವಾಸಿಗರು ಹರಿಗೋಲು ಹತ್ತಿ ಫೋಟೊ ತೆಗೆಸಿಕೊಳ್ಳುವ ನಮ್ಮ ಕೆರೆಗೂ ಆ ಕಾಲುವೆಯೇ ದಿಕ್ಕು. ಇಷ್ಟುದ್ದ ನೀರನ್ನು ದೂಡುವ ಪಂಪು ಎಲ್ಲಿಯೂ ಇಲ್ಲ; ನೆಲದ ಇಳಿತವನ್ನು ಕೃಪಣನ ಹಾಗೆ ಚೂರು ಚೂರೇ ಖರ್ಚು ಮಾಡುತ್ತ ನಡೆಸಿಕೊಂಡು ಹೋಗಿದ್ದಾರೆ. ಅದಕ್ಕೂ ಹಿಂದೆ ವಿಜಯನಗರದವರು ಹೊಳೆಗೆ ಗುಂಡುಕಲ್ಲು ಅಡ್ಡ ಪೇರಿಸಿ ತೆಗೆದ ಕಾಲುವೆಗಳು ಆನೆಗುಂದಿ, ಗಂಗಾವತಿಯ ಭತ್ತದ ಗದ್ದೆಗೆ ಈಗಲೂ ನೀರು ಕೊಡುತ್ತಿವೆ. ಇಂಥ ಸೀಮೆಯಲ್ಲಿ ಹುಟ್ಟಿ ಆರಡಿ ಬಚ್ಚಲಿಗೆ ವಾಟ ಕೊಡಲಾರೆನೇ ಎಂದು ಮೀಸೆ ತಿರುವಿದೆ.

ಗೌಂಡಿಗಳ ಲೆಕ್ಕ ನಾಲ್ಕಡಿಗೆ ಮುಕ್ಕಾಲು ಇಂಚು. ಇದಕ್ಕಿಂತ ತೀರ ಕಡಿಮೆಯಾದರೆ ನೀರು ಮೂಲೆಯಲ್ಲಿ ನಿಂತು ಪಾಚಿ ಕಟ್ಟುತ್ತದೆ, ಹೆಚ್ಚಾದರೆ ಸಾಬೂನು ಹಚ್ಚಿಕೊಂಡ ಮನುಷ್ಯನೂ ನೀರಿನ ಹಿಂದೆ ಹೋಗುತ್ತಾನೆ. ನಾನಿ ಟ್ರ್ಯಾಪನ್ನು ಬಾಗಿಲಿಗೆ ಎದುರಿನ ಮೂಲೆಯಲ್ಲಿಡು, ನಡುವೆ ಬೇಡ ಎಂದರು ಕಾಕಾ. ಯಾಕೆಂದು ಹೇಳಲಿಲ್ಲ. ರಾತ್ರಿ ಒಂದು ರಟ್ಟಿನ ತುಂಡು ಹಿಡಿದು ಓರೆ ಮಾಡಿ ನೋಡಿದಾಗ ಹೊಳೆಯಿತು. ಟ್ರ್ಯಾಪು ಮೂಲೆಯಲ್ಲಿದ್ದರೆ ಇಡೀ ನೆಲ ಒಂದೇ ಹಲಗೆಯಾಗಿ ಆ ಮೂಲೆಗೆ ವಾಲಿದರೆ ಸಾಕು. ನಡುವೆ ಇಟ್ಟರೆ ನಾಲ್ಕು ಕಡೆಯಿಂದಲೂ ಇಳಿಜಾರು ಬೇಕು, ನಾಲ್ಕು ಇಳಿಜಾರು ಕೂಡುವಲ್ಲೆಲ್ಲ ಬಿಲ್ಲೆಯನ್ನು ಓರೆಯಾಗಿ ಸೀಳಬೇಕು. ಅದು ಕೈ ಪಳಗಿದವರ ಕೆಲಸ. ಆ ಟ್ರ್ಯಾಪಿನ ಹೊಟ್ಟೆಯಲ್ಲೂ ಸುಮಾರು ಎರಡಿಂಚು ನೀರು ಸದಾ ನಿಂತಿರುತ್ತದೆ. ಗಟಾರದ ವಾಸನೆಯನ್ನು ತಡೆಯುವ ಬಾಗಿಲು ಅದೇ.

ಮಟ್ಟ ಹಿಡಿಯುವುದಕ್ಕೆ ಕಾಕಾ ಬಿಟ್ಟುಹೋದದ್ದು ಒಂದು ಪಾರದರ್ಶಕ ಪೈಪು, ಅಷ್ಟೇ. ಅದರಲ್ಲಿ ನೀರು ತುಂಬಿ, ಒಂದು ತುದಿ ಈ ಗೋಡೆಗೆ, ಇನ್ನೊಂದು ತುದಿ ಆ ಗೋಡೆಗೆ. ಎರಡೂ ಕಡೆ ನೀರು ನಿಂತ ಗೆರೆ ಒಂದೇ ಮಟ್ಟ. ತರಗತಿಯಲ್ಲಿ ಎಷ್ಟೋ ಸಲ ಬೋರ್ಡಿನ ಮೇಲೆ ಚಿತ್ರ ಬರೆದು ಇದನ್ನು ಕಲಿಸಿದ್ದೇನೆ. ಆದರೆ ಪೈಪಿನೊಳಗೆ ಕಡಲೆ ಗಾತ್ರದ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಗೆರೆಯೇ ಮೋಸ ಮಾಡುತ್ತದೆ ಎಂಬುದು ಯಾವ ಪಾಠದಲ್ಲೂ ಇಲ್ಲ. ಪೈಪನ್ನು ಎತ್ತಿ, ಬೆರಳಿನಿಂದ ಚಿಮ್ಮಿ ಚಿಮ್ಮಿ, ಆ ಗುಳ್ಳೆಯನ್ನು ಬಾಯಿಯವರೆಗೆ ನಡೆಸಿಕೊಂಡು ಬರಬೇಕು. ಬಾಯಿಗೆ ಬಂದು ಪುಳಕ್ಕನೆ ಒಡೆದ ಮೇಲೆ ನೀರು ಎರಡು ಸಲ ತೂಗಾಡಿ ನಿಲ್ಲುತ್ತದೆ. ಆಗ ಪೆನ್ಸಿಲಿನ ಗೆರೆ.

ನೀರು ಸೋರದ ಲೇಪ ಬಳಿದು, ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ಒಂದು ಹಗಲು ಒಂದು ರಾತ್ರಿ ನೀರು ನಿಲ್ಲಿಸಿ ನೋಡುವ ಪದ್ಧತಿಯಿದೆ. ಇಳಿದರೆ ಸೋರುತ್ತಿದೆ ಎಂದರ್ಥ. ಆದರೆ ನಮ್ಮ ಬೇಸಿಗೆಯ ಬಿಸಿಲಿಗೆ ನೀರು ಸೋರದೆಯೂ ಇಳಿಯುತ್ತದಲ್ಲ! ಪಕ್ಕದಲ್ಲೇ ಒಂದು ಪುಟ್ಟಿಯಲ್ಲಿ ಅಷ್ಟೇ ಆಳ ನೀರಿಟ್ಟು ಎರಡಕ್ಕೂ ಗುರುತು ಹಾಕಿದೆ. ಎರಡೂ ಒಂದೇ ಸಮ ಇಳಿದಿದ್ದವು. ಈ ಉಪಾಯಕ್ಕೆ ಕಾಕಾ ಕೂಡ ಹುಬ್ಬೇರಿಸಿದರು. ಮಾಸ್ತರಿಕೆ ಉಪಯೋಗಕ್ಕೆ ಬಂದದ್ದು ಅದೊಂದೇ ಕಡೆ.

ಗೋಡೆಯ ಕೆಲಸ ಕೆಳಗಿನ ಸಾಲಿನಿಂದ ಶುರುವಾಗುತ್ತದೆ ಎಂದುಕೊಳ್ಳುವುದು ಸಹಜ. ಹಾಗಲ್ಲ. ಎರಡನೇ ಸಾಲಿನ ಮಟ್ಟಕ್ಕೆ ಗೋಡೆಗೊಂದು ರೀಪು ಹೊಡೆದು, ಅದರ ಮೇಲೆ ಬಿಲ್ಲೆ ಕೂರಿಸುತ್ತ ಮೇಲೇರಬೇಕು. ಕೆಳಗಿನ ಸಾಲು ಕೊನೆಗೆ. ಯಾಕೆಂದರೆ ಗೋಡೆಯ ಗೆರೆ ಮಟ್ಟಸ, ನೆಲ ವಾಟಕ್ಕೆ ವಾಲಿದ್ದು. ಇವೆರಡರ ನಡುವಿನ ಅಂತರ ಟ್ರ್ಯಾಪಿನ ಮೂಲೆಗೆ ಹೋದಂತೆ ಒಂದು ಇಂಚಿಗೂ ಮಿಕ್ಕಿ ಹಿಗ್ಗುತ್ತದೆ. ಆ ಸಾಲಿನ ಒಂದು ತುಂಡು ಇನ್ನೊಂದರ ಜಾಗಕ್ಕೆ ಕೂರುವುದಿಲ್ಲ. ಒಂದೊಂದನ್ನೂ ಅಳೆದು, ಕೊಯ್ದು, ಬೆನ್ನಿಗೆ ಪೆನ್ಸಿಲಿನಲ್ಲಿ ಪೂ-1, ಪೂ-2, ಉ-1 ಎಂದು ಬರೆದು ಗೋಡೆಗುಂಟ ಒರಗಿಸಿಟ್ಟೆ.

ಬರೆಯುತ್ತ ಇದ್ದಾಗ ನೆನಪಾದದ್ದು ಹೊಳೆಯಾಚೆಯ ಪುಷ್ಕರಣಿ. ಹಂಪಿಯ ಅರಮನೆ ಆವರಣದಲ್ಲಿ, ಮಹಾನವಮಿ ದಿಬ್ಬದ ಹತ್ತಿರ, 1980ರ ದಶಕದ ಉತ್ಖನನದಲ್ಲಿ ಹೊರಬಂದದ್ದು. ಸುತ್ತಲೂ ಬೆಣಚುಕಲ್ಲಿದ್ದರೂ ಇದನ್ನು ಕಟ್ಟಿದ್ದು ಕರಿಯ ಶಿಲೆಯಲ್ಲಿ. ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು, ಎಲ್ಲಿ ಕೂರಬೇಕು ಎಂಬ ಗುರುತು ಕೆತ್ತಿದ್ದಾರೆ. ಬೇರೆಲ್ಲೋ ಕಡೆದು ತಂದು ಇಲ್ಲಿ ಜೋಡಿಸಿದರು ಎನ್ನುವುದಕ್ಕೆ ಅದೇ ಸಾಕ್ಷಿ ಎನ್ನುತ್ತಾರೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ಗುರುತುಗಳನ್ನು ತೋರಿಸಿ ರಾಯರ ಕಾಲದ ವೈಭವದ ಮಾತಾಡುತ್ತಿದ್ದೆ. ಈಗ ಅನಿಸುವುದು ಬೇರೆ. ಅಲ್ಲಿ ಯಾವನೋ ಒಬ್ಬ ಗೌಂಡಿಗೆ ಉ-3 ತಗೊಂಡು ಹೋಗಿ ಪೂ-3ರ ಜಾಗದಲ್ಲಿ ಇಟ್ಟುಬಿಟ್ಟಾರು ಎಂಬ ಹೆದರಿಕೆ ಇದ್ದೀತು.

ಟೈಲ್ಸು ಕೊಯ್ಯುವ ಬಗೆಯೂ ನಮ್ಮ ಸೀಮೆಗೆ ಹೊಸದಲ್ಲ. ಕಟರಿನ ಸಣ್ಣ ಗಾಲಿ ಹೊಳಪಿನ ಮೇಲೆ ಒಂದೇ ಒಂದು ಗೆರೆ ಎಳೆಯುತ್ತದೆ. ಆಮೇಲೆ ಒತ್ತಿದರೆ ಟಕ್ಕೆಂದು ಅದೇ ಗೆರೆಗುಂಟ ಒಡೆಯುತ್ತದೆ. ಎರಡು ಸಲ ಎಳೆದರೆ ಗೆರೆ ಕೆಟ್ಟು, ಒಡಕು ತನ್ನ ದಾರಿ ತಾನು ಹಿಡಿಯುತ್ತದೆ. ಆನೆಗುಂದಿಯಿಂದ ನಮ್ಮೂರಿಗೆ ಬರುವ ದಾರಿಯ ಬಂಡೆಗಳಲ್ಲಿ ಸಾಲಾಗಿ ಚೌಕನೆಯ ಕುಳಿ ಹೊಡೆದದ್ದು ಕಾಣುತ್ತದಲ್ಲ, ಅದೂ ಇದೇ ವಿದ್ಯೆ: ಒಡಕಿಗೆ ಮೊದಲು ದಾರಿ ತೋರಿಸಿ, ಆಮೇಲೆ ಬೆಣೆ ಹೊಡೆಯುವುದು. ಕೆಲವು ಬಂಡೆಗಳಿಗೆ ಕುಳಿ ಹೊಡೆದು ಒಡೆಯದೆ ಬಿಟ್ಟುಹೋಗಿದ್ದಾರೆ. ಊಟಕ್ಕೆಂದು ಎದ್ದು ಹೋದವರು ಬರಲೇ ಇಲ್ಲವೇನೋ.

ನಲ್ಲಿಯ ತೂತಿಗೆ ಮಾತ್ರ ಗ್ರೈಂಡರ್ ಬೇಕು. ಇಲ್ಲಿ ಹಟ ಬೇಡ: ನೀರು ಬಿಡುತ್ತಲೇ ಕೊಯ್ಯಬೇಕು, ಮೂಗಿಗೆ ಬಟ್ಟೆ ಸಾಲದು, ಮಾಸ್ಕೇ ಬೇಕು. ಒಣಗೊಯ್ತದ ಆ ಬಿಳಿ ಧೂಳು ಪುಪ್ಪುಸಕ್ಕೆ ಹೊಕ್ಕರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಎಂಬ ರೋಗ ಕಲ್ಲಿನ ಕೆಲಸದವರನ್ನು ತಿಂದದ್ದು ಹೀಗೆಯೇ. ಸಿಮೆಂಟೂ ಸಾಧುವಲ್ಲ, ಅದರ ಕ್ಷಾರ ಬೆರಳಿನ ಸಂದಿ ಸೀಳುತ್ತದೆ. ಮೊದಲ ಸಂಜೆ ಊಟಕ್ಕೆ ಕೂತು ಬಿಸಿ ಸಾರಿನಲ್ಲಿ ಕೈ ಅದ್ದಿದಾಗ ಗೌಂಡಿಗಳ ಕೂಲಿ ಜಾಸ್ತಿಯಾಯಿತು ಎಂದು ನಾನು ಚಹಾದಂಗಡಿಯಲ್ಲಿ ಆಡುತ್ತಿದ್ದ ಮಾತುಗಳೆಲ್ಲ ಒಟ್ಟಿಗೆ ಉರಿದವು.

ನೆಲದ ಬಿಲ್ಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊಳಪಿಲ್ಲದ, ಜಾರದ, ಅಡಿಗೆ ಅಡಿ ಅಳತೆಯವು. ನಡುವೆ ಎರಡು ಮಿಲಿಮೀಟರ್ ಸ್ಪೇಸರ್, ಮೇಲೆ ರಬ್ಬರ್ ಸುತ್ತಿಗೆಯ ಏಟು. ಸಂದಿಗೆ ಗ್ರೌಟ್ ತುಂಬಿ, ಹಳೆಯ ಹವಾಯಿ ಚಪ್ಪಲಿಯ ತುಂಡಿನಿಂದ ಒರೆಸಿದರೆ ಅಂಗಡಿಯ ದುಬಾರಿ ಪಟ್ಟಿಗಿಂತ ಚೆನ್ನಾಗಿ ಕೂರುತ್ತದೆ.

ಕಾಕಾ ಕೊನೆಗೆ ಬಂದರು. ತಾಪಿಯ ಹಿಡಿಕೆಯಿಂದ ಒಂದೊಂದೇ ಬಿಲ್ಲೆ ತಟ್ಟಿ, ಕಿವಿಗೊಟ್ಟು, ಪೊಳ್ಳು ಸದ್ದು ಹುಡುಕಿದರು. ಹೂವಿನ ಬಾರ್ಡರ್ ಪಟ್ಟಿಯ ಮೇಲೆ ನನ್ನ ಹೆಂಡತಿ ಕಳೆದಿದ್ದ ಒಂದಿಡೀ ವಾರದ ವಿಚಾರ ಅವರ ಕಣ್ಣಿಗೆ ಬೀಳಲಿಲ್ಲ. ಬಾಗಿಲಲ್ಲಿ ನಿಂತು ಒಂದು ಚೊಂಬು ನೀರು ಸುರುವಿದರು. ನೀರು ಹಾಳೆಯಾಗಿ ಹರಡಿ, ಅಂಚುಗಳಿಂದ ಮಡಚಿಕೊಳ್ಳುತ್ತ, ಟ್ರ್ಯಾಪಿನ ಮೂಲೆಗೆ ಹೋಯಿತು.

"ಕೆರಿ ಕಡಿ ಒಂದು ಹೋಂಸ್ಟೇದಾಗ ಎಂಟು ಬಚ್ಚಲ ಅದಾವು ತಮ್ಮಾ. ಮಾಲು ಕಲಸಾಕ ಒಬ್ಬಾವ ಬೇಕಾಗ್ಯಾನ. ಇನ್ನೂ ಸೂಟಿ ಐತೇನು?" ಎಂದರು.

ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅವ್ವನ ದನಿ ಬಂತು: "ಎಲ್ಲಿಗೂ ಕಳಸಂಗಿಲ್ಲ. ಮೊದಲ ನಳದ ಬುಡಕ ನನ್ನ ಹಿಮ್ಮಡಿಗೆ ಒಂದು ತರಿಗಲ್ಲು ಕುಂದ್ರಸಿ ಹೋಗಲಿ."