ಮೇ ತಿಂಗಳ ಶ್ರೀರಂಗಪಟ್ಟಣ

ತ್ಯಾಮಗೊಂಡ್ಲಿನ ನಮಗೆ ನೀರು ಅಂದ್ರೆ ಕೆರೆ ನೀರು. ತುಂಬಿದ ಹೊಳೆ ನೋಡೋ ಆಸೆಗೆ ಕಳೆದ ಮೇನಲ್ಲಿ ಅಮ್ಮನ ಜೊತೆ ಶ್ರೀರಂಗಪಟ್ಟಣಕ್ಕೆ ಹೋದೆ. ಬೆಂಗಳೂರಲ್ಲಿ ಮೈಸೂರು ರೈಲು ಹತ್ತಿದರೆ ಕೋಟೆ ಮಗ್ಗುಲಲ್ಲೇ ಇಳಿಯಬಹುದು.

ರಂಗನಾಥಸ್ವಾಮಿ ದರ್ಶನ ಆಯ್ತು. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್ ಅರಮನೆಯ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರಗಳನ್ನೂ, ಹೈದರ್ ಮತ್ತು ಟಿಪ್ಪು ಸಮಾಧಿಯಿರುವ ಗುಂಬಜ್ ಅನ್ನೂ ನೋಡಿದೆವು. ಸಂಜೆ ಕೋಟೆಯ ಪಶ್ಚಿಮದ ಗೋಡೆ ಹತ್ತಿರ ನಿಂತಾಗ ಅಮ್ಮ, "ಇದೇನೇ, ಕಾವೇರಿ ಅಂತ ಬಂದ್ರೆ ಬರೀ ಬಂಡೆ!" ಅಂದ್ರು. ನನಗೂ ಪೆಚ್ಚಾಯಿತು.

ಅಲ್ಲೇ ಇದ್ದ ಯುದ್ಧದ ಸ್ಮಾರಕ ಕಂಬ ನೋಡಿದ ಮೇಲೆ ಹೊಳೆಯಿತು. ಈ ದ್ವೀಪಕ್ಕೆ ಕಾವೇರಿಯೇ ಮೊದಲ ಕೋಟೆ. ಮುಂಗಾರು ಬಂದು ಹೊಳೆ ತುಂಬಿದರೆ ದಾಟೋಕಾಗಲ್ಲ ಅಂತ ಬ್ರಿಟಿಷರಿಗೂ ಗೊತ್ತಿತ್ತು. ಅದಕ್ಕೇ ಅವಸರಪಟ್ಟು, ತೋಪುಗಳಿಂದ ಗೋಡೆ ಒಡೆದು, 1799ರ ಮೇ 4ರ ಮಧ್ಯಾಹ್ನ ಇಂಥದ್ದೇ ಬಂಡೆಗಳ ನಡುವೆ ಹೊಳೆ ದಾಟಿದರು. ಅವತ್ತೇ ಟಿಪ್ಪು ಮಡಿದ.

ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಳೆ ಒಂದು ತಿಂಗಳು ಮುಂಚೆ ಬಂದಿದ್ರೆ?" ಅಂದ್ರು.

ತುಂಬಿದ ಹೊಳೆ ಬೇಕಾದರೆ ಮಳೆಗಾಲದಲ್ಲಿ ಹೋಗಿ. ಕಥೆ ತಿಳೀಬೇಕಾದರೆ ಮೇ ತಿಂಗಳೇ ಸರಿ.