ಹೆಂಚಿನ ಮೇಲೆ ಎಸೆದ ಹಲ್ಲು

ನಮ್ಮ ಮನೆಯ ಹೆಂಚಿನ ಮೇಲೆ ಎಲ್ಲೋ ನನ್ನ ತಮ್ಮನ ಮುಂದಿನ ಹಲ್ಲು ಬಿದ್ದಿದೆ. ಹಾಲುಹಲ್ಲಲ್ಲ, ಮತ್ತೆ ಹುಟ್ಟದ ಹಲ್ಲು.

ಅವನಾಗ ಎಂಟನೇ ಕ್ಲಾಸು. ಸಂಜೆ ಶಾಲೆ ಮೈದಾನದಲ್ಲಿ ಕಬಡ್ಡಿ ಆಡುವಾಗ ಯಾರದೋ ಮೊಣಕೈ ಬಡಿದು, ಹಲ್ಲು ಬೇರು ಸಮೇತ ಕಿತ್ತು ಮಣ್ಣಿಗೆ ಬಿತ್ತು. ಹುಡುಗರು ಅದನ್ನು ನೋಟ್‌ಬುಕ್ ಹಾಳೆಯಲ್ಲಿ ಸುತ್ತಿ ಮನೆಗೆ ತಂದರು. ಅಜ್ಜಿಗೆ ಗೊತ್ತಿದ್ದದ್ದು ಒಂದೇ ದಾರಿ. ಸಗಣಿ ಉಂಡೆಯೊಳಗಿಟ್ಟು ಮನೆ ಮೇಲೆ ಎಸೆದಳು. ನಮ್ಮೆಲ್ಲರ ಹಲ್ಲೂ ಹಾಗೇ ಹೋಗಿದ್ದವು, ಹೊಸವು ಬಂದಿದ್ದವು.

ಕೊನೇ ಬಸ್ಸು ಹೋಗಿತ್ತು. ಮರುದಿನ ತಾಲ್ಲೂಕು ಊರಿಗೆ ಹೋದಾಗ ಹಲ್ಲಿನ ಡಾಕ್ಟರು ಮೊದಲು ಕೇಳಿದ್ದೇ, "ಹಲ್ಲು ತಂದಿದೀರಾ?" ಅಪ್ಪ ನನ್ನ ಮುಖ ನೋಡಿದರು.

ಹಲ್ಲಿನ ಬೇರಿಗೆ ತೆಳ್ಳನೆಯ ಜೀವಂತ ಪೊರೆ ಅಂಟಿರುತ್ತದಂತೆ. ಹಲ್ಲನ್ನು ದವಡೆಗೆ ಹಿಡಿದಿಡುವುದು ಅದೇ. ಒಣಗಿದರೆ ಒಂದು ಗಂಟೆಯೊಳಗೆ ಹೆಚ್ಚುಕಡಿಮೆ ಸತ್ತೇ ಹೋಗುತ್ತದೆ. ಅದಕ್ಕೇ ಬಿದ್ದ ಹಲ್ಲಿನ ಬೇರು ಮುಟ್ಟಬಾರದು, ಉಜ್ಜಬಾರದು. ಬಿಳಿ ಭಾಗ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲೋ ತಣ್ಣೀರಲ್ಲೋ ಒಮ್ಮೆ ತೊಳೆದು, ಅದೇ ಗುಳಿಗೆ ಕೂರಿಸಿ, ಬಟ್ಟೆ ಕಚ್ಚಿಸಿಕೊಂಡು ತಕ್ಷಣ ಹೊರಡಬೇಕು. ಧೈರ್ಯ ಬರದಿದ್ದರೆ ಹಾಲಿಗೆ ಹಾಕಿ. ನೀರಲ್ಲಿ ನೆನೆಹಾಕಬೇಡಿ. ಹಾಲುಹಲ್ಲನ್ನು ಮಾತ್ರ ವಾಪಸ್ ಕೂರಿಸಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾದೀತು. ಅದು ಬೇಕಾದರೆ ಹೆಂಚಿನ ಮೇಲೆ ಹೋಗಲಿ.

ಹೋದ ವರ್ಷ ಚಿಕ್ಕಪ್ಪನ ಮಗಳು, 12 ವರ್ಷದವಳು, ಹಾಲಿನ ಡೈರಿ ಎದುರೇ ಸೈಕಲ್ಲಿಂದ ಬಿದ್ದಳು. ಹಲ್ಲು ಸಿಕ್ಕಿತು. ಕೂರಿಸೋಣವೆಂದರೆ ನನ್ನ ಕೈ ನಡುಗುತ್ತಿತ್ತು. ಡೈರಿಗೆ ಓಡಿ ಒಂದು ಲೋಟ ಹಾಲು ಕೇಳಿದರೆ ಅಲ್ಲಿದ್ದವರು, "ಟೀ ಮಾಡೋಕೇನಮ್ಮ?" ಅಂದರು. ಬೈಕಿನಲ್ಲಿ 40 ನಿಮಿಷ, ಲೋಟ ನನ್ನ ಕೈಯಲ್ಲಿ, ಅರ್ಧ ಹಾಲು ಚಿಕ್ಕಪ್ಪನ ಅಂಗಿಗೆ.

ಡಾಕ್ಟರು ಹಲ್ಲು ಕೂರಿಸಿ, ತೆಳು ತಂತಿಯಿಂದ ಪಕ್ಕದ ಹಲ್ಲುಗಳಿಗೆ ಸೇರಿಸಿ ಎರಡು ವಾರ ಬಿಟ್ಟರು. ಟಿಟಿ ಇಂಜೆಕ್ಷನ್ ಆಯಿತು. ಆ ಎರಡು ವಾರ ಗಂಜಿ, ಮುದ್ದೆ. ಅಷ್ಟರಲ್ಲೇ ರೂಟ್ ಕೆನಾಲ್ ಕೂಡ ಮಾಡಿದರು. ಇದು ಜೀವನಪೂರ್ತಿ ಇರುತ್ತೆ ಅಂತ ಅವರೇನೂ ಮಾತು ಕೊಡಲಿಲ್ಲ. ಬೇರು ನಿಧಾನಕ್ಕೆ ಕರಗಲೂಬಹುದು, ಆಗಾಗ ಎಕ್ಸ್‌ರೇ ತೆಗೆಸಬೇಕು ಎಂದರು. ಸದ್ಯಕ್ಕೆ ಅವಳು ತನ್ನ ಹಲ್ಲಲ್ಲೇ ನಗುತ್ತಾಳೆ. ತಮ್ಮ ಕಟ್ಟಿಸಿದ ಹಲ್ಲನ್ನು ರಾತ್ರಿ ತೆಗೆದು ಲೋಟದಲ್ಲಿಡುತ್ತಾನೆ.

ಅವಳು ತಂತಿ ಹಾಕಿಸಿಕೊಂಡು ಬಂದ ದಿನ ಅಜ್ಜಿ ಅವಳ ಬಾಯಿ ತೆರೆಸಿ ಬಹಳ ಹೊತ್ತು ನೋಡಿದಳು. ಆಮೇಲೆ ಒಲೆ ಹತ್ತಿರ ಮೆಲ್ಲಗೆ ಕೇಳಿದಳು: "ಅವತ್ತು ಹಾಲಲ್ಲಿಟ್ಟಿದ್ರೆ ಆಗ್ತಿತ್ತೇನೇ?"

"ಇಲ್ಲಜ್ಜಿ, ಮನೆಗೆ ತರೋ ಹೊತ್ತಿಗೇ ಒಣಗಿಹೋಗಿತ್ತು" ಅಂದೆ.

ಶಾಲೆಯಿಂದ ನಮ್ಮ ಮನೆಗೆ ಐದು ನಿಮಿಷದ ದಾರಿ. ಅದು ಅಜ್ಜಿಗೂ ಗೊತ್ತು.